ಇನಿಟ್ ಫೈಲ್ ಮುನಿಸಿಕೊಂಡ ದಿನ

ಇಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರಿನ ಹೊಸ ವರ್ಷನ್ ಹಾಕಿದ ಬೆಳಗ್ಗೆ ಕಿಟಕಿಯೇನೋ ತೆರೆಯುತ್ತದೆ. ಆದರೆ ಬಣ್ಣ ನಮ್ಮದಲ್ಲ, ಫಾಂಟ್ ನಮ್ಮದಲ್ಲ, ಎಂದೋ ಓಡಿಸಿದ್ದ ಟೂಲ್‌ಬಾರ್ ಮತ್ತೆ ಮೇಲೆ ಬಂದು ಕೂತಿದೆ. ವರ್ಷಗಟ್ಟಲೆ ಒಂದೊಂದೇ ಸಾಲು ಸೇರಿಸಿ ಬೆಳೆಸಿದ ಇನಿಟ್ ಫೈಲ್, ಅಂದರೆ ಶುರುವಾಗುವಾಗ ಇಮ್ಯಾಕ್ಸ್ ಓದಿಕೊಳ್ಳುವ ನಮ್ಮ ಸೆಟ್ಟಿಂಗ್‌ಗಳ ಫೈಲ್, ಅರ್ಧದಲ್ಲೇ ನಿಂತಿದೆ. 1976ರಲ್ಲಿ ಎಂಐಟಿಯಲ್ಲಿ ಟೆಕೋ ಎಂಬ ಎಡಿಟರಿಗೆ ಬರೆದ ಮ್ಯಾಕ್ರೋಗಳ (ಹಲವು ಕಮಾಂಡುಗಳನ್ನು ಒಂದಾಗಿ ಕಟ್ಟಿದ ತುಣುಕುಗಳ) ಗಂಟಾಗಿ ಹುಟ್ಟಿದ್ದು ಇಮ್ಯಾಕ್ಸ್. ಅವರವರ ಕೈಗೆ ತಕ್ಕಂತೆ ತಿದ್ದಿಕೊಳ್ಳುವುದು ಇದರ ಹುಟ್ಟುಗುಣ. ಎಲ್ಲ ಅಳಿಸಿ ಹೊಸದಾಗಿ ಶುರುಮಾಡುವುದಕ್ಕೆ ಬಳಕೆದಾರರಲ್ಲಿ 'ದಿವಾಳಿ' ಎಂದೇ ಹೆಸರು. ಅಷ್ಟು ಅವಸರ ಬೇಡ.

ಮೊದಲು ಟರ್ಮಿನಲ್‌ನಿಂದ ಮೈನಸ್ ದೊಡ್ಡ ಕ್ಯೂ (-Q) ಕೊಟ್ಟು ಇಮ್ಯಾಕ್ಸ್ ತೆರೆಯಿರಿ. ಆಗ ಅದು ನಿಮ್ಮ ಫೈಲನ್ನು ಮುಟ್ಟುವುದೇ ಇಲ್ಲ. ತೊಂದರೆ ಹೋದರೆ ತಪ್ಪು ನಿಮ್ಮ ಕಡೆಯದು. ಬಹುಪಾಲು ಹಾಗೇ ಆಗಿರುತ್ತದೆ. ರಿಪೇರಿಯನ್ನೂ ಈ ಬೋಳು ಕಿಟಕಿಯಲ್ಲೇ ಮಾಡಬೇಕು. ನಿಮ್ಮ ಕೀಗಳಿಲ್ಲದೆ ಬೆರಳು ತಡವರಿಸುತ್ತದೆ, ಸಹಿಸಿಕೊಳ್ಳಿ.

ಆಮೇಲೆ ಡಿಬಗ್-ಇನಿಟ್ (--debug-init) ಆಯ್ಕೆಯೊಂದಿಗೆ ಮತ್ತೊಮ್ಮೆ ತೆರೆಯಿರಿ. ಬರುವ ಉದ್ದನೆಯ ಬ್ಯಾಕ್‌ಟ್ರೇಸ್ (ತಪ್ಪಾದಾಗ ಯಾವ ಯಾವ ಫಂಕ್ಷನ್ ಓಡುತ್ತಿತ್ತು ಎಂಬ ಪಟ್ಟಿ) ನೋಡಿ ಗಾಬರಿಯಾಗಬೇಡಿ. ಮೊದಲ ಸಾಲಿನಲ್ಲಿ ಎರರ್ ಏನೆಂದಿದೆ. ಕೆಳಗೆ 'ಇವ್ಯಾಲ್-ಬಫರ್' ಇರುವ ಸಾಲಿನ ಕೊನೆಗೆ ಒಂದು ಸಂಖ್ಯೆ ಇರುತ್ತದೆ. ಇನಿಟ್ ಫೈಲ್ ತೆರೆದು ಆಲ್ಟ್-ಜಿ, ಸಿ ಒತ್ತಿ ಆ ಸಂಖ್ಯೆ ಕೊಟ್ಟರೆ ತಪ್ಪಿನ ಆಸುಪಾಸಿಗೆ ಹೋಗಿ ನಿಲ್ಲುತ್ತೀರಿ.

ಪಾರ್ಸ್ ಮಾಡುವಾಗಲೇ, ಅಂದರೆ ಕೋಡನ್ನು ಓದಿ ಬಿಡಿಸುವಾಗಲೇ, ಫೈಲ್ ಮುಗಿಯಿತು ಎಂದು ಇಮ್ಯಾಕ್ಸ್ ದೂರಿದರೆ ಎಲ್ಲೋ ಬ್ರಾಕೆಟ್ ಮುಚ್ಚಿಲ್ಲ. 'ಚೆಕ್-ಪೇರೆನ್ಸ್' ಎಂಬ ಕಮಾಂಡ್ ಜೋಡಿ ಸಿಗದ ಬ್ರಾಕೆಟ್ ತೋರಿಸುತ್ತದೆ, ಆದರೆ ಬಿಟ್ಟುಹೋದ ಜಾಗ ಅದಕ್ಕಿಂತ ಎಷ್ಟೋ ಕೆಳಗಿರಬಹುದು. ಅಲ್ಲಿಂದ ಕೆಳಗಿನದನ್ನೆಲ್ಲ ಆರಿಸಿ ಕಂಟ್ರೋಲ್-ಆಲ್ಟ್-ಬ್ಯಾಕ್‌ಸ್ಲ್ಯಾಶ್ ಒತ್ತಿ ಇಂಡೆಂಟ್ ಮಾಡಿ. ಸಾಲುಗಳು ಎಲ್ಲಿಂದ ಬಲಕ್ಕೆ ಜಾರುತ್ತವೋ ಅದರ ಮೇಲಿನ ಸಾಲೇ ಕಳ್ಳ.

ಎರರ್ ಇಲ್ಲದೆ ನಡವಳಿಕೆ ಮಾತ್ರ ಕೆಟ್ಟಿದ್ದರೆ ಅರ್ಧಕ್ಕರ್ಧ ಕಾಮೆಂಟ್ ಮಾಡುತ್ತಾ, ಅಂದರೆ ಆ ಸಾಲುಗಳು ಓಡದಂತೆ ಗುರುತು ಹಾಕುತ್ತಾ, ಹೋಗುವುದೇ ದಾರಿ. 800 ಸಾಲಿನ ಫೈಲಾದರೂ ಹತ್ತು ಸುತ್ತಿನೊಳಗೆ ಸಿಕ್ಕಿಬೀಳುತ್ತದೆ.

ನಿಮ್ಮ ಸಾಲುಗಳೆಲ್ಲ ಸರಿಯಿದ್ದೂ ಪ್ಯಾಕೇಜುಗಳು ಮುಗ್ಗರಿಸಿದರೆ ಹಳೆಯ ಇಎಲ್‌ಸಿ ಫೈಲುಗಳನ್ನು (ಪ್ಯಾಕೇಜಿನ ಕಂಪೈಲ್ ಆದ ಕೋಡ್) ಅನುಮಾನಿಸಿ. ಇಲ್ಲಿ ಮ್ಯಾಕ್ರೋ ಎಂದರೆ ಪೂರ್ಣ ಕೋಡಾಗಿ ಬಿಚ್ಚಿಕೊಳ್ಳುವ ಗಿಡ್ಡ ರೂಪ, ಅದು ಬಿಚ್ಚಿಕೊಳ್ಳುವುದು ಕಂಪೈಲ್ ಆಗುವಾಗ. ಹಿಂದಿನ ವರ್ಷನ್‌ನಲ್ಲಿ ಕಂಪೈಲ್ ಆದದ್ದರೊಳಗೆ ಹಿಂದಿನ ಮ್ಯಾಕ್ರೋಗಳೇ ಕೂತಿರುತ್ತವೆ. ಇಮ್ಯಾಕ್ಸ್ 29ರಿಂದ 'ಪ್ಯಾಕೇಜ್-ರಿಕಂಪೈಲ್-ಆಲ್' ಕಮಾಂಡ್ ಇದೆ, ಒಮ್ಮೆ ಓಡಿಸಿದರೆ ಸಾಕು. ಇನ್ನೊಬ್ಬ ಚೇಷ್ಟೆಗಾರ ಕಸ್ಟಮೈಸ್ ಎಂಬ ಸೆಟ್ಟಿಂಗ್ ಮೆನು: ಅದರಲ್ಲಿ ಉಳಿಸಿದ್ದನ್ನೆಲ್ಲ ಕೇಳದೆ ನಿಮ್ಮ ಫೈಲಿನಲ್ಲೇ ಬರೆದಿಡುತ್ತದೆ. 'ಕಸ್ಟಮ್-ಫೈಲ್'ಗೆ ಬೇರೆ ಹೆಸರು ಕೊಡಿ. ಹೆಸರು ಕೊಟ್ಟರಷ್ಟೇ ಸಾಲದು, ಆ ಫೈಲನ್ನು ಲೋಡ್ ಮಾಡುವ ಸಾಲನ್ನೂ ನೀವೇ ಬರೆಯಬೇಕು. ಬಹಳ ಜನ ಎಡವುವುದು ಇಲ್ಲೇ.

ಎಲ್ಲ ಮರಳಿದ ಮೇಲೆ ಕನ್ನಡ ನೋಡಿಕೊಳ್ಳಿ. ಕಂಟ್ರೋಲ್-ಎಚ್, ಎಚ್ ಒತ್ತಿದರೆ ಬರುವ ಹಲವು ಭಾಷೆಗಳ ವಂದನೆಗಳಲ್ಲಿ ನಮ್ಮ 'ನಮಸ್ಕಾರ'ವೂ ಇದೆ. ಬರೀ ಚೌಕಗಳು ಕಂಡರೆ ಫಾಂಟ್ ಇಲ್ಲ. 'ಸೆಟ್-ಫಾಂಟ್‌ಸೆಟ್-ಫಾಂಟ್'ನಲ್ಲಿ ನೋಟೊ ಸಾನ್ಸ್ ಕನ್ನಡ ಕೊಡಿ. ಒತ್ತಕ್ಷರ ಬಿಡಿಬಿಡಿಯಾಗಿದ್ದರೆ ಅಕ್ಷರಗಳನ್ನು ಕೂಡಿಸಿ ಕೊಡುವ ಹಾರ್ಫ್‌ಬಝ್ ಲೈಬ್ರರಿ ಇಲ್ಲದ ಬಿಲ್ಡ್ ಇರಬಹುದು. 'ಸಿಸ್ಟಮ್-ಕಾನ್ಫಿಗರೇಷನ್-ಫೀಚರ್ಸ್'ನಲ್ಲಿ ಆ ಹೆಸರಿದೆಯೇ ನೋಡಿ. ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್ ಒತ್ತಿ 'ಕನ್ನಡ-ಐಟ್ರಾನ್ಸ್' ಎಂದರೆ ಟೈಪಿಂಗ್ ಸಿದ್ಧ. ಆರ್ಗ್ (ಇಮ್ಯಾಕ್ಸ್‌ನ ಟಿಪ್ಪಣಿ ಬರೆಯುವ ಮೋಡ್) ಟೇಬಲ್‌ನ ಗೆರೆಗಳು ಮಾತ್ರ ಕನ್ನಡ ಪದ ಬಂದಲ್ಲೆಲ್ಲ ಸೊಟ್ಟಗಾಗುತ್ತವೆ. ನಮ್ಮ ಅಕ್ಷರಗಳ ಅಗಲ ಒಂದೇ ಅಳತೆಯದಲ್ಲ, ಟೇಬಲ್ ಲೆಕ್ಕ ಹಾಕುವುದು ಸಮ ಅಗಲದ ಮನೆಗಳಲ್ಲಿ.