ಪಾನಿಯೋನಿಯೋಸ್ ಗೋಡೆ ಚಾರ್ಟ್: ಸ್ಮಿರ್ನಾ ಮುಗೀತು, ಅಥೆನ್ಸ್ ನಡೀತಿದೆ

ಹೋದ ಸಲ ಹಾಕಿದ್ದ ಅಪ್‌ಡೇಟ್ ನೋಡದವರಿಗೆ ಚಿಕ್ಕದಾಗಿ ಹೇಳ್ತೀನಿ. ಸ್ಮಿರ್ನಾ ಅನ್ನೋ ಊರಲ್ಲಿ ಹುಟ್ಟಿ, 1922ರಲ್ಲಿ ಆ ಊರು ಬಿಟ್ಟು ಅಥೆನ್ಸ್‌ಗೆ ಬಂದ ಪಾನಿಯೋನಿಯೋಸ್ ಅನ್ನೋ ಗ್ರೀಕ್ ಸ್ಪೋರ್ಟ್ಸ್ ಕ್ಲಬ್‌ನ ಇತಿಹಾಸನ ಒಂದು ಉದ್ದ ಗೋಡೆ ಚಾರ್ಟ್ ಆಗಿ ಕೈಯಲ್ಲೇ ಬರೀತಾ ಇದೀನಿ, ಪೂರ್ತಿ ಕನ್ನಡದಲ್ಲಿ, ನಮ್ಮ ಬಡಾವಣೆ ಬಾಸ್ಕೆಟ್‌ಬಾಲ್ ಹುಡುಗ್ರು ಬ್ಯಾಗ್ ಇಡೋ ರೂಮಲ್ಲಿ ಅಂಟಿಸೋಕೆ. ಡ್ರಾಯಿಂಗ್ ಶೀಟ್ ಒಂದಕ್ಕೊಂದು ಅಂಟಿಸಿ ಪಟ್ಟಿ ಮಾಡಿದೀನಿ, ಒಂದು ವರ್ಷಕ್ಕೆ ಎರಡು ಸೆಂಟಿಮೀಟರ್ ಲೆಕ್ಕ, 1890ರಿಂದ ಶುರು, ಹಾಗಾಗಿ ಒಟ್ಟು ಎರಡೂಮುಕ್ಕಾಲು ಮೀಟರ್ ಹತ್ರ ಬರುತ್ತೆ. ಕ್ಲಬ್ ಬಣ್ಣ ಕೆಂಪು ನೀಲಿ, ಅದಕ್ಕೆ ಮಧ್ಯದ ಗೆರೆ ಕೂಡ ಕೆಂಪು ನೀಲಿ ಜೋಡಿ ಗೆರೆ. ಪಕ್ಕದಲ್ಲಿ ಬೇರೆ ಒಂದು ಹಾಳೇಲಿ ಗ್ರೀಸ್ ಟರ್ಕಿ ಮಧ್ಯದ ಏಜಿಯನ್ ಸಮುದ್ರದ ಮ್ಯಾಪ್, ಅದಕ್ಕೆ ಒಂದು ಸೆಂಟಿಮೀಟರ್ ಅಂದ್ರೆ ಹತ್ತು ಕಿಲೋಮೀಟರ್.

ಯಾಕೆ ಈ ಕ್ಲಬ್ಬೇ ಅಂತ ತುಂಬಾ ಜನ ಕೇಳಿದ್ರು. ಒಲಿಂಪಿಯಾಕೋಸ್, ಪಾನಾಥಿನಾಯ್ಕೋಸ್ ಥರ ಕಪ್ ಮೇಲೆ ಕಪ್ ಗೆದ್ದ ಟೀಮ್ ಅಲ್ಲ ಇದು, ಗೊತ್ತು. ಆದ್ರೆ ಊರು ಬಿಟ್ಟು ಊರಿಗೆ ಹೋದ ಟೀಮ್‌ಗಳ ಕಥೆ ಓದ್ತಾ ಓದ್ತಾ ನಂಗೆ ಅನ್ಸಿದ್ದು ಏನಂದ್ರೆ, ಬೇರೆ ಎಲ್ಲಾ ಕಡೆ ಓನರ್ ಒಬ್ಬ ದುಡ್ಡು ಲೆಕ್ಕ ಹಾಕಿ ಟೀಮ್ ಎತ್ಕೊಂಡು ಹೋಗ್ತಾನೆ, ಲೈಸೆನ್ಸ್ ಮಾರ್ತಾನೆ, ಹೆಸರು ಬದಲಾಗುತ್ತೆ, ಹಳೆ ಊರಿನ ಅಭಿಮಾನಿಗಳು ಹಿಂದೆ ಉಳೀತಾರೆ. ಪಾನಿಯೋನಿಯೋಸ್ ವಿಷಯದಲ್ಲಿ ಪೂರ್ತಿ ಉಲ್ಟಾ. ಊರೇ ಸುಟ್ಟುಹೋಯ್ತು, ಮೈದಾನ ಹೋಯ್ತು, ಆದ್ರೆ ಜನ ಬಂದ್ರು, ಕ್ಲಬ್‌ನ ಹೆಸರನ್ನ ಮನೆದೇವ್ರ ಫೋಟೋ ಎತ್ಕೊಂಡು ಬರೋ ಹಾಗೆ ಎತ್ಕೊಂಡು ಬಂದ್ರು. ಇವತ್ತಿಗೂ ಅಧಿಕೃತ ಹೆಸರಲ್ಲಿ ಸ್ಮಿರ್ನಾ ಇದೆ, ಸ್ಮಿರ್ನಾ ಅನ್ನೋ ಗ್ರೀಕ್ ಊರು ಇಲ್ಲದೆ ನೂರು ವರ್ಷ ದಾಟಿದ್ರೂ.

ಚಾರ್ಟ್‌ನ ಮೊದಲ ಭಾಗ ಅಂದ್ರೆ ಸ್ಮಿರ್ನಾ ಭಾಗ ಈಗ ಮುಗಿದಿದೆ. ಈಗಿನ ಟರ್ಕಿಯ ಇಜ್ಮಿರ್ ಆವಾಗ ಒಟ್ಟೊಮನ್ ಸಾಮ್ರಾಜ್ಯದ ದೊಡ್ಡ ಬಂದರು, ಗ್ರೀಕರು, ತುರ್ಕರು, ಅರ್ಮೇನಿಯನ್ನರು, ಯಹೂದಿಗಳು, ಯೂರೋಪಿನ ವ್ಯಾಪಾರಿಗಳು ಎಲ್ಲಾ ಒಟ್ಟಿಗೆ ಇದ್ದ ಊರು. 1890ರಲ್ಲಿ ಅಲ್ಲಿ ಆರ್ಫೆಯಸ್ ಅಂತ ಒಂದು ಸಂಘ ಶುರುವಾಗುತ್ತೆ, ಸಂಗೀತ ಮತ್ತೆ ವ್ಯಾಯಾಮ ಎರಡೂ ಸೇರಿಸಿ. ಸಂಗೀತ ಸಂಘದಿಂದ ಹುಟ್ಟಿದ ಸ್ಪೋರ್ಟ್ಸ್ ಕ್ಲಬ್ ಅನ್ನೋದು ನಂಗೆ ಭಾರಿ ಇಷ್ಟ ಆಯ್ತು, ಅದಕ್ಕೆ ಚಾರ್ಟ್‌ನ ಎಡ ತುದೀಲಿ ಒಂದು ಚಿಕ್ಕ ಲೈರ್ ವಾದ್ಯ ಬರ್ದಿದೀನಿ. 1893ರಲ್ಲಿ ಆಟದ ಮೇಲೇ ಜಾಸ್ತಿ ಆಸಕ್ತಿ ಇದ್ದೋರು ಬೇರೆಯಾಗಿ ಜಿಮ್ನಾಸಿಯೋನ್ ಅಂತ ಮಾಡ್ಕೊಂಡ್ರು, 1898ರಲ್ಲಿ ಎರಡೂ ಮತ್ತೆ ಒಂದಾಗಿ ಪಾನಿಯೋನಿಯೋಸ್ ಆಯ್ತು. ಇದನ್ನ ಗೆರೇಲಿ ತೋರಿಸೋದು ಸುಲಭ, ಒಂದು ಗೆರೆ ಕವಲೊಡೆದು ಮತ್ತೆ ಸೇರುತ್ತೆ. ಅದೇ ಆರ್ಫೆಯಸ್‌ನಿಂದ 1891ರಲ್ಲಿ ಅಪೊಲ್ಲೋನ್ ಅನ್ನೋ ಇನ್ನೊಂದು ಕ್ಲಬ್ಬೂ ಹೊರಗೆ ಬಂತು, ಅದೂ ಮುಂದೆ ಅಥೆನ್ಸ್ ಸೇರಿ ಈಗಲೂ ಅಪೊಲ್ಲೋನ್ ಸ್ಮಿರ್ನಿಸ್ ಅನ್ನೋ ಹೆಸರಲ್ಲೇ ಇದೆ. ಅದಕ್ಕೆ ತೆಳು ತಿಳಿನೀಲಿ ಗೆರೆ, ಕೆಳಗಡೆ.

1896ರಿಂದ ಇವರು ಸ್ಮಿರ್ನಾದಲ್ಲಿ ಪಾನಿಯೋನಿಯನ್ ಕ್ರೀಡಾಕೂಟ ಅಂತ ನಡೆಸ್ತಿದ್ರು, ಓಟ, ಜಿಗಿತ, ಎಸೆತ ಎಲ್ಲಾ. ಅಥೆನ್ಸಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದ ವರ್ಷವೇ ಅದು ಅನ್ನೋದನ್ನ ಗಮನಿಸಿ. ಅಂದ್ರೆ ಸಮುದ್ರದ ಆ ಕಡೆ ಈ ಕಡೆ ಎರಡೂ ದಡದಲ್ಲಿ ಒಂದೇ ಹುರುಪು.

ಈಗ 1922ಕ್ಕೆ ಬರ್ತೀನಿ, ಚಾರ್ಟ್‌ನಲ್ಲಿ ನಾನು ತುಂಬಾ ಹೊತ್ತು ಕೂತಿದ್ದು ಇಲ್ಲೇ. ಗ್ರೀಕ್ ಸೈನ್ಯ ಅನಟೋಲಿಯಾದಲ್ಲಿ ಸೋತು ಹಿಂದೆ ಸರಿದ್ಮೇಲೆ ಸೆಪ್ಟೆಂಬರ್ 9ಕ್ಕೆ ಟರ್ಕಿಯ ಸೈನ್ಯ ಸ್ಮಿರ್ನಾ ಒಳಗೆ ಬಂತು, 13ನೇ ತಾರೀಖು ಬೆಂಕಿ ಹತ್ತಿಕೊಳ್ತು, ಗ್ರೀಕರ ಮತ್ತೆ ಅರ್ಮೇನಿಯನ್ನರ ಬೀದಿಗಳು ದಿನಗಟ್ಟಲೆ ಉರಿದ್ವು. ಹಿಂದೆ ಬೆಂಕಿ, ಮುಂದೆ ನೀರು, ಮಧ್ಯೆ ಬಂದರಿನ ಕಟ್ಟೆ ಮೇಲೆ ಲಕ್ಷಾಂತರ ಜನ. ಅಲ್ಲಿಂದ ಹೆಂಗಸರು, ಮಕ್ಕಳು, ಮುದುಕರು ಹಡಗು ಹತ್ತಬಹುದಿತ್ತು, ಆದ್ರೆ 18ರಿಂದ 45 ವಯಸ್ಸಿನ ಗಂಡಸರನ್ನ ತಡೆದು ಒಳನಾಡಿಗೆ ಕಳಿಸ್ತಿದ್ರು, ಕೂಲಿ ತುಕಡಿಗಳಿಗೆ, ಅದ್ರಲ್ಲಿ ಎಷ್ಟೋ ಜನ ವಾಪಸ್ ಬರ್ಲೇ ಇಲ್ಲ. ಸ್ವಲ್ಪ ಯೋಚನೆ ಮಾಡಿ, 18ರಿಂದ 45. ಒಂದು ಸ್ಪೋರ್ಟ್ಸ್ ಕ್ಲಬ್‌ನಲ್ಲಿ ಆಡೋ ವಯಸ್ಸಿನವರು, ಕೋಚ್ ಮಾಡೋರು, ಕಮಿಟಿ ನಡೆಸೋರು ಎಲ್ಲಾ ಆ ವಯಸ್ಸಲ್ಲೇ ತಾನೇ ಇರೋದು. ಕ್ಲಬ್ ಹೇಗೆ ಉಳೀತು ಅಂತ ಕೇಳೋರು ಮೊದಲು ಈ ಲೆಕ್ಕ ತಲೇಲಿ ಇಟ್ಕೋಬೇಕು.

ಇಲ್ಲಿ ಇನ್ನೊಂದು ವಿಷಯ ಸಿಕ್ತು, ಬಾಸ್ಕೆಟ್‌ಬಾಲ್ ಪ್ರೀತಿಸೋರಿಗೆ ಇದು ಗೊತ್ತಿರ್ಬೇಕು. ಆ ಕಟ್ಟೆ ಮೇಲಿಂದ ಜನರನ್ನ ಸಾಗಿಸೋಕೆ ಹಡಗು ಹೊಂದಿಸಿದ್ದು ಏಸಾ ಜೆನಿಂಗ್ಸ್ ಅನ್ನೋ ಅಮೆರಿಕದ ಪಾದ್ರಿ, ಗಿಡ್ಡ ಮನುಷ್ಯ, ಕಾಯಿಲೆಯಿಂದ ಬೆನ್ನು ಬಾಗಿತ್ತು, ಸ್ಮಿರ್ನಾದ ವೈಎಂಸಿಎನಲ್ಲಿ ಕೆಲಸಕ್ಕಿದ್ದವನು. ಲೆಸ್ಬೋಸ್ ದ್ವೀಪದಲ್ಲಿ ಖಾಲಿ ನಿಂತಿದ್ದ ಗ್ರೀಕ್ ಹಡಗುಗಳನ್ನ ಕಳಿಸಿ ಅಂತ ಅಥೆನ್ಸ್ ಸರ್ಕಾರದ ಬೆನ್ನು ಬಿದ್ದು, ಒಪ್ಪಿಸಿ, ಸೆಪ್ಟೆಂಬರ್ ಕೊನೇಲಿ ಆ ಹಡಗುಗಳ ಜೊತೆ ತಾನೇ ವಾಪಸ್ ಬಂದ. ಬಾಸ್ಕೆಟ್‌ಬಾಲ್ ಹುಟ್ಟಿದ್ದೂ ವೈಎಂಸಿಎನಲ್ಲೇ, 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನೇಸ್ಮಿತ್ ಅನ್ನೋ ಮೇಷ್ಟ್ರ ಕೈಯಲ್ಲಿ. ಗ್ರೀಸ್‌ಗೆ ಈ ಆಟ ಬಂದಿದ್ದೂ 1919ರ ಹೊತ್ತಿಗೆ ಥೆಸಲೊನಿಕಿಯ ವೈಎಂಸಿಎ ಮೂಲಕ. ಆಟ ತಂದು ಕೊಟ್ಟ ಸಂಸ್ಥೆಯ ಮನುಷ್ಯನೇ ಜನರನ್ನೂ ದಾಟಿಸಿದ. ಇದನ್ನ ಚಾರ್ಟ್‌ನಲ್ಲಿ ಒಂದು ಬಾಕ್ಸ್ ಮಾಡಿ ಬರ್ದಿದೀನಿ, ಹುಡುಗ್ರು ಬೇರೆ ಏನೂ ಓದ್ದಿದ್ರೂ ಇದೊಂದು ಓದ್ಲಿ ಅಂತ ದಪ್ಪ ಅಕ್ಷರದಲ್ಲಿ.

ಮ್ಯಾಪ್ ಕೆಲಸಕ್ಕೆ ಬರೋಣ. ಸ್ಮಿರ್ನಾದಿಂದ ಅಥೆನ್ಸ್‌ಗೆ ನೇರವಾಗಿ ಅಳೆದ್ರೆ ಸುಮಾರು 300 ಕಿಲೋಮೀಟರ್, ನನ್ನ ಹಾಳೇಲಿ 30 ಸೆಂಟಿಮೀಟರ್, ಸ್ಕೂಲ್ ಸ್ಕೇಲ್ ಒಂದು ಪೂರ್ತಿ. ಆದ್ರೆ ನೇರ ಗೆರೆ ಎಳೆಯೋಕೆ ಮನಸ್ಸಾಗ್ಲಿಲ್ಲ, ಯಾಕಂದ್ರೆ ಎಷ್ಟೋ ಜನ ಮೊದಲು ಲೆಸ್ಬೋಸ್‌ಗೋ ಖಿಯೋಸ್‌ಗೋ ಹೋಗಿ ಇಳಿದು ಆಮೇಲೆ ಪಿರೇಯಸ್ ಬಂದರಿಗೆ ಬಂದ್ರು, ಹಾಗಾಗಿ ಚುಕ್ಕಿ ಗೆರೆಗಳು ದ್ವೀಪಗಳ ಮೇಲಿಂದ ಬಳಸ್ಕೊಂಡು ಬರ್ತಾವೆ. ಅಥೆನ್ಸ್ ತಲುಪಿದ್ಮೇಲೂ ಇರೋಕೆ ಜಾಗ ಇಲ್ಲ. ಅಥೆನ್ಸ್‌ನ ಮುನಿಸಿಪಲ್ ಥಿಯೇಟರ್‌ನಲ್ಲಿ ಒಂದೊಂದು ಬಾಕ್ಸ್ ಸೀಟಿನ ಗೂಡಿಗೆ ಒಂದೊಂದು ಸಂಸಾರ ಇತ್ತು, ಅದರ ಫೋಟೋ ಇದೆ, ಕಟಕಟೆ ಮೇಲೆ ಬಟ್ಟೆ ಒಣಗಾಕಿದಾರೆ. 1923ರಲ್ಲಿ ಲೋಸಾನ್‌ನಲ್ಲಿ ಗ್ರೀಸ್, ಟರ್ಕಿ ಎರಡೂ ಒಪ್ಪಂದ ಮಾಡ್ಕೊಂಡು ಜನರನ್ನ ವಿನಿಮಯ ಮಾಡೋ ಹೊತ್ತಿಗೆ ಹನ್ನೆರಡು ಲಕ್ಷಕ್ಕೂ ಜಾಸ್ತಿ ಕ್ರೈಸ್ತರು ಆ ಕಡೆಯಿಂದ ಈ ಕಡೆ ಬಂದಿದ್ರು, ಮೂರೂವರೆ ಲಕ್ಷಕ್ಕೂ ಜಾಸ್ತಿ ಮುಸ್ಲಿಮರು ಗ್ರೀಸ್ ಬಿಟ್ಟು ಟರ್ಕಿಗೆ ಹೋಗ್ಬೇಕಾಯ್ತು. ಎರಡೂ ಕಡೆ ಬಾಣ ಹಾಕಿದೀನಿ, ಒಂದೇ ಕಡೆ ಹಾಕಿದ್ರೆ ಅನ್ಯಾಯ ಆಗುತ್ತೆ.

ಕ್ಲಬ್ ಅಥೆನ್ಸ್‌ಗೆ ಬಂದು ಮೊದಲು ನೆಲೆ ಹುಡುಕಿದ್ದು ಪಾನಥೆನೈಕ್ ಸ್ಟೇಡಿಯಂನಲ್ಲಿ, 1896ರ ಒಲಿಂಪಿಕ್ಸ್ ನಡೆದ ಆ ಅಮೃತಶಿಲೆ ಸ್ಟೇಡಿಯಂ. ಅಲ್ಲಿಂದ ದಕ್ಷಿಣಕ್ಕೆ ಮೂರ್ನಾಕು ಕಿಲೋಮೀಟರ್ ದೂರದಲ್ಲಿ ನಿರಾಶ್ರಿತರಿಗೆ ಅಂತ ಹೊಸ ಬಡಾವಣೆ ಎದ್ದಿತು, ಅದರ ಹೆಸರು ನೆಯಾ ಸ್ಮಿರ್ನಿ, ಹೊಸ ಸ್ಮಿರ್ನಾ. ಅಲ್ಲಿ ಸ್ವಂತ ಸ್ಟೇಡಿಯಂ ಆಗೋ ಹೊತ್ತಿಗೆ 1930ರ ದಶಕ ಮುಗೀತಾ ಬಂದಿತ್ತು. ಈಗ ನನ್ನ ಮ್ಯಾಪ್ ನೋಡಿದ್ರೆ ಹೇಗೆ ಕಾಣುತ್ತೆ ಅಂದ್ರೆ, ಸಮುದ್ರ ದಾಟಿದ 30 ಸೆಂಟಿಮೀಟರ್‌ಗೆ ಕೆಲವು ವಾರ, ಆಮೇಲೆ ಪೆನ್ಸಿಲ್ ಮೊನೆಯಷ್ಟು ಜಾಗ, ಮೂರ್ನಾಕು ಮಿಲಿಮೀಟರ್, ಅದಕ್ಕೆ ಸುಮಾರು ಹದಿನೇಳು ವರ್ಷ! ಉದ್ದ ಪಟ್ಟಿ ಮೇಲೆ ಅದೇ ಹದಿನೇಳು ವರ್ಷ 34 ಸೆಂಟಿಮೀಟರ್ ತಗೊಳುತ್ತೆ. ಸ್ಥಳಾಂತರ ಅಂದ್ರೆ ಹೊರಟ ದಿನ, ತಲುಪಿದ ದಿನ ಅಂತ ಎರಡು ತಾರೀಖು ಬರ್ದು ಮುಗಿಸ್ಬಿಡ್ತಾರೆ ಎಲ್ರೂ, ನಿಜವಾದ ಸ್ಥಳಾಂತರ ಈ 34 ಸೆಂಟಿಮೀಟರ್‌ನಲ್ಲೇ ಆಗಿರೋದು. ಅದಕ್ಕೆ ಆ ಭಾಗದಲ್ಲಿ ಜೋಡಿ ಗೆರೇನ ಕಟ್ ಮಾಡಿಲ್ಲ, ಖಾಲೀನೂ ಬಿಟ್ಟಿಲ್ಲ, ಸಣ್ಣ ನಿಬ್ಬಲ್ಲಿ ತೆಳ್ಳಗೆ ಎಳೆದಿದೀನಿ, ನೆಯಾ ಸ್ಮಿರ್ನಿ ಸ್ಟೇಡಿಯಂ ಹತ್ರ ಬಂದು ಮತ್ತೆ ದಪ್ಪ ಆಗುತ್ತೆ. ಗೆಳೆಯ ಒಬ್ಬ ನೋಡಿ ಇಲ್ಲಿ ಏನೂ ಗೆದ್ದಿಲ್ವಲ್ಲ, ಇಷ್ಟು ಜಾಗ ಯಾಕೆ ಅಂದ. ಗೆದ್ದ ವರ್ಷಕ್ಕೂ ಗೆಲ್ಲದ ವರ್ಷಕ್ಕೂ ಎರಡೇ ಸೆಂಟಿಮೀಟರ್, ಆ ರೂಲ್ ನಾನು ಬದಲಾಯಿಸಲ್ಲ.

ಪಾನಥೆನೈಕ್ ಸ್ಟೇಡಿಯಂ ಬಗ್ಗೆ ಇನ್ನೊಂದು ಹೇಳ್ಲೇಬೇಕು. 1968ರ ಏಪ್ರಿಲ್ 4ರಂದು ಅದೇ ಸ್ಟೇಡಿಯಂನಲ್ಲಿ, ಬಯಲಲ್ಲಿ ಕೋರ್ಟ್ ಹಾಸಿ, ಎಇಕೆ ಟೀಮು ಪ್ರಾಗ್‌ನ ಸ್ಲಾವಿಯಾನ 89-82ರಲ್ಲಿ ಸೋಲಿಸಿ ಯೂರೋಪಿಯನ್ ಕಪ್ ವಿನ್ನರ್ಸ್ ಕಪ್ ಗೆಲ್ತು, ಸುಮಾರು 80 ಸಾವಿರ ಜನ ಸೇರಿದ್ರು ಅಂತಾರೆ. ಎಇಕೆ ಅಂದ್ರೆ ಕಾನ್‌ಸ್ಟಾಂಟಿನೋಪಲ್‌ನಿಂದ (ಈಗಿನ ಇಸ್ತಾಂಬುಲ್) ಬಂದ ನಿರಾಶ್ರಿತರು 1924ರಲ್ಲಿ ಕಟ್ಟಿದ ಕ್ಲಬ್. ಸ್ಮಿರ್ನಾದವರಿಗೆ ನೆಲೆ ಕೊಟ್ಟ ಕಲ್ಲಿನ ಮೆಟ್ಟಿಲ ಮೇಲೇ ಇನ್ನೊಂದು ನಿರಾಶ್ರಿತರ ಕ್ಲಬ್ ಗ್ರೀಕ್ ಬಾಸ್ಕೆಟ್‌ಬಾಲ್‌ನ ಮೊದಲ ಯೂರೋಪಿಯನ್ ಕಪ್ ಎತ್ತಿತು. ಇದು ಪಾನಿಯೋನಿಯೋಸ್ ಕಥೆ ಅಲ್ಲ ನಿಜ, ಆದ್ರೂ ಚಾರ್ಟ್‌ನಲ್ಲಿ ಎಇಕೆಯ ಹಳದಿ, ಕಪ್ಪು ಬಣ್ಣದಲ್ಲಿ ಒಂದು ಚುಕ್ಕಿ ಇಟ್ಟಿದೀನಿ.

ಮಧ್ಯದ ದಶಕಗಳು ಬೇಗ ಮುಗಿದ್ವು. 80ರ ದಶಕದಿಂದ ಮಜಾ ಶುರು. ಫಾನಿಸ್ ಕ್ರಿಸ್ಟೊಡುಲು ಅಂತ ಒಬ್ಬ ಆಟಗಾರ, 1965ರಲ್ಲಿ ಹುಟ್ಟಿದವನು, ಹದಿಹರೆಯದಲ್ಲೇ ಪಾನಿಯೋನಿಯೋಸ್‌ಗೆ ಆಡೋಕೆ ಶುರು ಮಾಡಿ 1997ರವರೆಗೆ ಅಲ್ಲೇ ಇದ್ದ. ದೊಡ್ಡ ದೇಹ, ಆದ್ರೆ ಪಾಸ್ ಕೊಡೋದು ನೋಡಿದ್ರೆ ಗಾರ್ಡ್ ಥರ, ಅಡ್ಡಹೆಸರು ಬೇಬಿ. 1987ರಲ್ಲಿ ಪಿರೇಯಸ್ ಬಂದರಿನ ಪಕ್ಕದ ಸ್ಟೇಡಿಯಂನಲ್ಲಿ ಗ್ರೀಸ್ ಸೋವಿಯತ್ ಯೂನಿಯನ್‌ನ ಓವರ್‌ಟೈಮಲ್ಲಿ 103-101ರಿಂದ ಸೋಲಿಸಿ ಯೂರೋಬಾಸ್ಕೆಟ್, ಅಂದ್ರೆ ಯೂರೋಪಿನ ದೇಶಗಳ ಚಾಂಪಿಯನ್‌ಶಿಪ್, ಗೆದ್ದಾಗ ಟೀಮಲ್ಲಿ ಇವನೂ ಇದ್ದ. ಆ ಫೈನಲ್ ಬಗ್ಗೆ ಎಲ್ರೂ ಗ್ರೀಸ್ ಟೀಮಿನ ಸ್ಟಾರ್ ಗಾಲಿಸ್‌ನ 40 ಪಾಯಿಂಟ್ ಅಂತಾರೆ, ಸರಿನೇ, ಆದ್ರೆ ಹಳೆ ವಿಡಿಯೋ ಸಿಕ್ಕಿದ್ರೆ ಕ್ರಿಸ್ಟೊಡುಲು ರಿಬೌಂಡ್ ತಗೊಂಡು ಎದುರು ನೋಡೋ ರೀತಿ ಗಮನಿಸಿ, ಕಾಲು ನೆಲಕ್ಕೆ ತಾಗೋ ಮುಂಚೆ ಪಾಸ್ ಎಲ್ಲಿಗೆ ಅಂತ ತೀರ್ಮಾನ ಆಗಿರುತ್ತೆ. ಅದೇ ವರ್ಷ ಅಮೆರಿಕದ ಎನ್‌ಬಿಎ ಲೀಗ್‌ನ ಡ್ರಾಫ್ಟ್‌ನಲ್ಲಿ, ಅಂದ್ರೆ ಟೀಮ್‌ಗಳು ಹೊಸ ಆಟಗಾರರನ್ನ ಆರಿಸ್ಕೊಳ್ಳೋ ಸುತ್ತಲ್ಲಿ, ಅಟ್ಲಾಂಟಾ ಹಾಕ್ಸ್ ಇವನನ್ನ ಆರಿಸ್ತು, ಇವನು ಹೋಗ್ಲಿಲ್ಲ. 1986-87ರ ಗ್ರೀಕ್ ಲೀಗಲ್ಲಿ ಪಾನಿಯೋನಿಯೋಸ್ ಗಾಲಿಸ್, ಯಾನಾಕಿಸ್ ಇದ್ದ ಆರಿಸ್ ಟೀಮಿನ ಹಿಂದೆ ಎರಡನೇ ಸ್ಥಾನಕ್ಕೆ ಬಂತು.

1991ಕ್ಕೆ ಬಂದ್ರೆ ಕಪ್. ಗ್ರೀಕ್ ಕಪ್ ಫೈನಲ್‌ನಲ್ಲಿ ಪಾವೋಕ್ ಎದುರು 73-70, ಕ್ಲಬ್‌ನ ಬಾಸ್ಕೆಟ್‌ಬಾಲ್ ಇತಿಹಾಸದಲ್ಲಿ ಇರೋ ಒಂದೇ ಒಂದು ಗ್ರೀಕ್ ಕಪ್ ಇದು. ಪಾವೋಕ್ ಅದೇ ಸೀಸನ್‌ನಲ್ಲಿ ಯೂರೋಪಿಯನ್ ಕಪ್ ವಿನ್ನರ್ಸ್ ಕಪ್ ಗೆದ್ದಿದ್ದ ಟೀಮ್, ಸುಮ್ನೆ ಅಲ್ಲ. ಇನ್ನೊಂದು, ಪಾವೋಕ್ ಕೂಡ ಕಾನ್‌ಸ್ಟಾಂಟಿನೋಪಲ್ ನಿರಾಶ್ರಿತರು 1926ರಲ್ಲಿ ಥೆಸಲೊನಿಕಿಯಲ್ಲಿ ಕಟ್ಟಿದ್ದು. ಅಂದ್ರೆ ಆ ರಾತ್ರಿ ಫೈನಲ್ ಆಡಿದ ಎರಡೂ ಕ್ಲಬ್‌ಗಳ ಬೇರು ಸಮುದ್ರದ ಆ ಕಡೆ. ನನ್ನ ಮಟ್ಟಿಗೆ ಇಡೀ ಚಾರ್ಟ್‌ನ ಅತಿ ಒಳ್ಳೆ ಜಾಗ ಇದು. 1991ರ ಎರಡು ಸೆಂಟಿಮೀಟರ್‌ನಲ್ಲಿ ಸ್ಕೋರ್ ಮಾತ್ರ ಹಿಡಿಸಿ, ಇಲ್ಲಿಂದ ಒಂದು ದಾರ ಮ್ಯಾಪ್‌ವರೆಗೆ ಎಳೆದು ಸ್ಮಿರ್ನಾಕ್ಕೆ ಒಂದು, ಕಾನ್‌ಸ್ಟಾಂಟಿನೋಪಲ್‌ಗೆ ಒಂದು ಪಿನ್ ಹಾಕ್ತೀನಿ, ಕೆಂಪು ನೂಲು ತಂದಿದೀನಿ.

ಆಮೇಲಿನ ಹೆಸರುಗಳು ಕೇಳಿ. 1992-93ರಲ್ಲಿ ಪಿ.ಜೆ. ಬ್ರೌನ್ ಇಲ್ಲಿ ಒಂದು ಸೀಸನ್ ಆಡಿ ಎನ್‌ಬಿಎಗೆ ಹೋಗಿ, 2008ರಲ್ಲಿ ಬಾಸ್ಟನ್ ಜೊತೆ ಚಾಂಪಿಯನ್ ಆದ. 1993-94ರಲ್ಲಿ ಯಾನಾಕಿಸ್ ಬಂದು ಆಡಿದ. ಆಮೇಲೆ ದುಶಾನ್ ಇವ್ಕೋವಿಚ್ ಕೋಚ್ ಆಗಿದ್ರು, ಇಲ್ಲಿಂದ ಒಲಿಂಪಿಯಾಕೋಸ್‌ಗೆ ಹೋಗಿ 1997ರಲ್ಲಿ ಯೂರೋಪಿನ ದೊಡ್ಡ ಕ್ಲಬ್ ಟೂರ್ನಿ ಯೂರೋಲೀಗ್ ಗೆದ್ರು. ಕ್ರಿಸ್ಟೊಡುಲು 1997ರಲ್ಲಿ ಪಾನಾಥಿನಾಯ್ಕೋಸ್‌ಗೆ ಹೋಗಿ, ಆ ಸೀಸನ್‌ನಲ್ಲಿ ಲೀಗ್ ಚಾಂಪಿಯನ್ ಆಗಿ, ಮತ್ತೆ ಪಾನಿಯೋನಿಯೋಸ್‌ಗೇ ವಾಪಸ್ ಬಂದು ಆಟ ಮುಗಿಸಿದ. ಇಂಥಾ ಕ್ಲಬ್‌ಗೆ ದುಡ್ಡಿನ ಕಷ್ಟ ತಪ್ಪಲ್ಲ, ಒಳ್ಳೆ ಆಟಗಾರ ಬೆಳೀತಾನೆ, ದೊಡ್ಡ ಕ್ಲಬ್ ಕರೀತು ಅಂದ್ರೆ ಹೋಗ್ತಾನೆ, ಮತ್ತೆ ಹೊಸಬನನ್ನ ಹುಡುಕ್ಬೇಕು.

2008-09ರಲ್ಲಿ ಯೂರೋಲೀಗ್ ಆಡೋ ಅವಕಾಶ ಸಿಕ್ತು. ನೆಯಾ ಸ್ಮಿರ್ನಿಯ ತಮ್ಮ ಹಾಲ್ ಆ ಮಟ್ಟಕ್ಕೆ ಚಿಕ್ಕದು, ಎರಡು ಸಾವಿರ ಜನಾನೂ ಹಿಡಿಯಲ್ಲ, ಹಾಗಾಗಿ ಎಲ್ಲಿನಿಕೋದ ಒಲಿಂಪಿಕ್ ಹಾಲ್‌ಗೆ ಹೋಗಿ ಆಡಿದ್ರು, ಹಳೆ ಏರ್‌ಪೋರ್ಟ್ ಜಾಗದಲ್ಲಿ 2004ರ ಒಲಿಂಪಿಕ್ಸ್‌ಗೆ ಕಟ್ಟಿದ್ದು. ಅದೇ ಎಲ್ಲಿನಿಕೋ ಆವರಣದಲ್ಲಿ, ಹಾಕಿ ಸ್ಟೇಡಿಯಂ, ಬೇಸ್‌ಬಾಲ್ ಸ್ಟೇಡಿಯಂ, ಏರ್‌ಪೋರ್ಟ್‌ನ ಹಳೆ ಅರೈವಲ್ ಕಟ್ಟಡದಲ್ಲಿ, 2015ರಿಂದ 2017ರವರೆಗೆ ಸಾವಿರಾರು ನಿರಾಶ್ರಿತರು ಟೆಂಟ್ ಹಾಕ್ಕೊಂಡಿದ್ರು, ಹೆಚ್ಚಿನವರು ಅಫ್ಘಾನಿಸ್ತಾನದವರು. ಅವರಲ್ಲೂ ಎಷ್ಟೋ ಜನ ಟರ್ಕಿ ದಡದಿಂದ ಲೆಸ್ಬೋಸ್, ಖಿಯೋಸ್ ಮೇಲಿಂದಾನೇ ಬಂದವರು. ಮ್ಯಾಪಲ್ಲಿ ಬೇರೆ ಗೆರೆ ಎಳೆಯೋ ಅಗತ್ಯ ಬೀಳ್ಲಿಲ್ಲ, ಹಳೆ ಚುಕ್ಕಿ ಗೆರೆ ಪಕ್ಕಾನೇ 2015 ಅಂತ ಬರೆದೆ.

ಆಮೇಲೆ ಕೆಳಗಿನ ಡಿವಿಷನ್‌ಗಳಿಗೆ ಇಳಿದ ವರ್ಷಗಳು, 2024-25ಕ್ಕೆ ಮತ್ತೆ ಮೊದಲ ಡಿವಿಷನ್. ಅಲ್ಲಿವರೆಗೆ ಪೆನ್ಸಿಲ್ ಕೆಲಸ ಆಗಿದೆ, ಇಂಕು 1987ರವರೆಗೆ ಮಾತ್ರ. ಮುಂದಿನ ವಾರ 1991ರ ದಾರ, ಆಮೇಲೆ ಅಪೊಲ್ಲೋನ್‌ನ ತಿಳಿನೀಲಿ ಗೆರೇನ ಅಥೆನ್ಸ್‌ನಲ್ಲಿ ಅದು ನೆಲೆ ನಿಂತ ರಿಝೂಪೊಲಿವರೆಗೆ ತಗೊಂಡು ಹೋಗ್ಬೇಕು. ಕೊನೇಲಿ ಬಲಗಡೆ ಒಂದು ಶೀಟ್ ಖಾಲಿ ಸೇರಿಸ್ತಿದೀನಿ, ಹತ್ತು ವರ್ಷಕ್ಕೆ ಆಗೋಷ್ಟು, ಸೀಸನ್ ಮುಗಿದ ಹಾಗೆ ಹುಡುಗ್ರೇ ತುಂಬ್ತಾರೆ.