‘ಇದು ಡೂಪ್ಲಿಕೇಟ್ ಅಲ್ವಾ?’

ನಮ್ಮ ಹಾಲ್‌ನ ಗೋಡೆ ಮೇಲೆ ಒಂದು ಫೋಟೋ ಇದೆ. ಆಳೆತ್ತರದ ಬಂಡೆ, ಮೈಯೆಲ್ಲ ತೂತು, ಸುಕ್ಕು. ಆದರೆ ಕನ್ನಡಿ ಹಾಗೆ ಹೊಳೆಯುತ್ತದೆ. ಅದು ಸ್ಟೀಲ್‌ನದು. ಬೀಜಿಂಗಿನ ಶಿಲ್ಪಿ ಝಾನ್ ವಾಂಗ್ ಮಾಡಿದ್ದು. ಮನೆಗೆ ಬಂದವರೆಲ್ಲ ಒಂದೇ ಮಾತು ಕೇಳುತ್ತಾರೆ: ‘ಕಲ್ಲಿಗೇನು ಬರ ಬಂದಿತ್ತಾ? ಇದು ಡೂಪ್ಲಿಕೇಟ್ ಅಲ್ವಾ?’ ಕೆಲವರು ‘ಚೈನಾ ಮಾಲು’ ಅಂತ ಸೇರಿಸಿ ನಗುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ.

ಹೌದು, ಡೂಪ್ಲಿಕೇಟ್. ಅದರ ಹೆಸರೇ ಹಾಗಿದೆ: ಜಿಯಾಶಾನ್‌ಶಿ. ಅಂದರೆ ಸುಳ್ಳು ಬೆಟ್ಟದ ಕಲ್ಲು. ಆದರೆ ಈ ಹೆಸರು ಝಾನ್ ವಾಂಗ್ ಹುಟ್ಟಿಸಿದ್ದಲ್ಲ. ಚೀನಾದ ಹಳೇ ತೋಟಗಳಲ್ಲಿ ಕಲ್ಲು ಜೋಡಿಸಿ ಮಾಡಿದ ಬೆಟ್ಟಕ್ಕೆ ಮೊದಲಿಂದಲೂ ‘ಸುಳ್ಳು ಬೆಟ್ಟ’ ಅಂತಲೇ ಹೆಸರು. ಊರು ಬಿಟ್ಟು ಕಾಡಿಗೆ ಹೋಗಲಾಗದ ಓದುಬರಹದ ಜನ ಅಂಗಳಕ್ಕೇ ಬೆಟ್ಟ ತರಿಸಿಕೊಂಡರು. ಒಂಬೈನೂರು ವರ್ಷಕ್ಕೂ ಹಿಂದೆ ಮಿ ಫು ಎಂಬ ಚಿತ್ರಕಾರ ಅಂಥದ್ದೊಂದು ಕಲ್ಲಿಗೆ ಕೈಮುಗಿದು ‘ಅಣ್ಣಾ’ ಅಂದನಂತೆ. ಒಳ್ಳೇ ಕಲ್ಲು ತೆಳ್ಳಗಿರಬೇಕು, ತೂತಿರಬೇಕು, ಆಚೆ ಕಡೆ ಕಾಣಬೇಕು, ಸುಕ್ಕಿರಬೇಕು. ಸೂಝೌ ಹತ್ತಿರದ ತೈಹು ಸರೋವರದ ಕಲ್ಲಿಗೆ ಬೇಡಿಕೆ ಜಾಸ್ತಿ. ಅಲ್ಲೂ ಕೆಲವು ಕಲ್ಲಿಗೆ ಉಳಿ ಹಾಕಿ, ಮತ್ತೆ ನೀರಿಗೆ ಬಿಟ್ಟು, ಅಲೆಯ ಕೈಯಲ್ಲಿ ಸವೆಸಿ ತೆಗೆಯುತ್ತಿದ್ದರು. ಅಸಲಿ ಯಾವುದು, ನೀವೇ ಹೇಳಿ.

1990ರ ದಶಕದಲ್ಲಿ ಬೀಜಿಂಗಿನ ಓಣಿಗಳು, ಅಂಗಳದ ಮನೆಗಳು ಉರುಳಿ ಗಾಜಿನ ಕಟ್ಟಡಗಳು ಎದ್ದವು. ಅವುಗಳ ಮುಂದೆಯೂ ಶೋಭೆಗೆ ಹಳೇ ಕಲ್ಲು ನಿಲ್ಲಿಸಿದರು. ಅದು ಒಪ್ಪಲಿಲ್ಲ. ಈ ಊರಿಗೆ ಈ ಊರಿನದೇ ಬೆಟ್ಟ ಬೇಕು ಅಂತ ಝಾನ್ ವಾಂಗ್ 1995ರಲ್ಲಿ ಸ್ಟೀಲ್ ಕಲ್ಲು ಶುರುಮಾಡಿದರು. ಹಳೇ ಕಲ್ಲು ತೂತಿನೊಳಗಿಂದ ಆಚೆಯದನ್ನು ತೋರಿಸುತ್ತಿತ್ತು. ಇದು ಎದುರಿಗಿರುವುದನ್ನೇ ತೋರಿಸುತ್ತದೆ: ಕ್ರೇನು, ಕಾರು, ನಿಮ್ಮ ಮುಖ. ನನಗೆ ಅದು ಮೋಸ ಅನ್ನಿಸುವುದೇ ಇಲ್ಲ.

ಸರಿಯಾದ ಪ್ರಶ್ನೆ ಕೇಳಿದ್ದು ನಮ್ಮ ದೊಡ್ಡಮ್ಮನ ಮಗ ಒಬ್ಬರೇ. ಪೀಣ್ಯದಲ್ಲಿ ಮೂವತ್ತು ವರ್ಷ ಶೀಟ್ ಮೆಟಲ್ ಕೆಲಸ ಮಾಡಿದವರು. ಕನ್ನಡಕ ಹಾಕಿಕೊಂಡು ಫೋಟೋ ಹತ್ತಿರ ಹೋದರು. ‘ಜಾಯಿಂಟ್ ಎಲ್ಲೋ? ವೆಲ್ಡಿಂಗ್ ಎಲ್ಲಿ ಹೊಡ್ದಿದಾರೆ?’

ನನಗೆ ಎಷ್ಟು ಖುಷಿಯಾಯಿತು! ಹೇಳಿದೆ: ನಿಜವಾದ ಬಂಡೆಯ ಮೇಲೆ ಸ್ಟೀಲ್ ತಗಡಿಟ್ಟು ಬಡಿಯುತ್ತಾರೆ. ಒಂದೊಂದು ಸುಕ್ಕೂ ಮೂಡುವವರೆಗೆ. ತುಂಡು ತುಂಡಾಗಿ ಬಿಡಿಸಿ, ಬೆಸೆದು, ಗೆರೆ ಅಳಿಯುವಷ್ಟು ಬಫಿಂಗ್ ಮಾಡುತ್ತಾರೆ. ‘ಒಳಗೆ?’ ಅಂದರು. ಏನೂ ಇಲ್ಲ, ಟೊಳ್ಳು. 2000ದಲ್ಲಿ ಅಂಥದ್ದೊಂದನ್ನು ದೂರದ ಸಮುದ್ರಕ್ಕೆ ತೇಲಿಬಿಟ್ಟಿದ್ದರು.

ಅಣ್ಣ ಸ್ವಲ್ಪ ಹೊತ್ತು ಸುಮ್ನಿದ್ದರು. ‘ಹಾಗಾದ್ರೆ ಆ ನಿಜವಾದ ಬಂಡೆ?’

ಯಾರೂ ಕೇಳದ ಪ್ರಶ್ನೆ ಇದು. ಬಂಡೆ ಇದ್ದಲ್ಲೇ ಇರುತ್ತದೆ. ಅದರ ಮೈಯ ಅಚ್ಚು ಮಾತ್ರ ಹೊಸ ಊರಿಗೆ ಹೋಗುತ್ತದೆ. ಬೀಜಿಂಗಿನಲ್ಲಿ ಉರುಳಿದ ಆ ಹಳೇ ಮನೆಗಳಿಗೆ ಅಷ್ಟೂ ಸಿಗಲಿಲ್ಲ. ಆಗ ಅಣ್ಣನಿಗೆ 1994ರ ಕಥೆ ಹೇಳಿದೆ. ಸ್ಟೀಲ್ ಕಲ್ಲಿಗೆ ಒಂದು ವರ್ಷ ಮುಂಚೆ ಝಾನ್ ವಾಂಗ್ ಬೀಜಿಂಗಿನಲ್ಲಿ ಅರ್ಧ ಕೆಡವಿದ ಒಂದು ಕಟ್ಟಡಕ್ಕೆ ಹೋಗಿ, ಇಟ್ಟಿಗೆ ತೊಳೆದು, ಉಳಿದ ಗೋಡೆಗೆ ಬಣ್ಣ ಬಳಿದರು. ಆಮೇಲೆ ಅದನ್ನೂ ಕೆಡವಿದರು.

‘ಬೀಳೋ ಗೋಡೆ ಅಂತ ಗೊತ್ತಿದ್ದೂ ಬಣ್ಣ ಬಳಿದ್ರಾ?’

ಹೌದು ಅಂದೆ. ಅಣ್ಣ ಕನ್ನಡಕ ಒರೆಸಿಕೊಂಡು ಮತ್ತೆ ಫೋಟೋ ಹತ್ತಿರ ಹೋದರು.