ನಂದಿಕೋಲು ಹಾಯುವ ಓಣಿ: ಸೊಲ್ಲಾಪುರದಲ್ಲಿ ಮೂರು ದಿನ

ಭೀಮಾ ಹೊಳೆ ದಾಟಿದರೆ ಮಹಾರಾಷ್ಟ್ರ. ರೈಲು ಬೋಗಿಯ ಒಳಗಿನ ಮಾತು ಮಾತ್ರ ಬದಲಾಗಲಿಲ್ಲ. ಎದುರು ಸೀಟಿನ ಅಜ್ಜಿ ಬುತ್ತಿ ಬಿಚ್ಚಿ, ಖಡಕ್ ರೊಟ್ಟಿ ಮುರಿದು, ಮೇಲೆ ಶೇಂಗಾ ಚಟ್ನಿ ಉದುರಿಸಿ ನನ್ನ ಕೈಗಿಟ್ಟರು. "ತಗೋರಿ, ಸೊಲ್ಲಾಪುರ ಇನ್ನಾ ಒಂದ್ ತಾಸ್ ಅದ" ಅಂದರು.

ನಾನು ದಾವಣಗೆರೆಯಲ್ಲಿ ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ್ದೆ. ಸಂಕ್ರಾಂತಿಗೆ ಸಿದ್ಧರಾಮೇಶ್ವರರ ಜಾತ್ರೆ, ಅಲ್ಲಿನವರ ಬಾಯಲ್ಲಿ ಗಡ್ಡಾ ಜಾತ್ರೆ. ನನ್ನ ಸೋದರತ್ತೆಯ ಮನೆ ಸೊಲ್ಲಾಪುರದ ಉತ್ತರ ಕಸಬಾದಲ್ಲಿದೆ. ಎಷ್ಟೋ ವರ್ಷದಿಂದ ಕರೆಯುತ್ತಿದ್ದರು. ಈ ಸಲ ಹೋಗಲೇಬೇಕು ಅನ್ನಿಸಿದ್ದಕ್ಕೆ ಬೇರೆಯದೇ ಕಾರಣ ಇತ್ತು. ಎರಡು ವರ್ಷದ ಹಿಂದೆ ದಾವಣಗೆರೆಯ ಚೌಕಿಪೇಟೆಯ ನಮ್ಮ ಹಳೇ ಮನೆಯನ್ನು ಕೆಡವಿದೆವು. ಕೆಳಗೆ ಒಬ್ಬ ಟೇಲರ್ ಇದ್ದರು, ಪಕ್ಕದಲ್ಲಿ ಮಂಡಕ್ಕಿ ಅಂಗಡಿ ಇತ್ತು. ಈಗ ಅಲ್ಲಿ ಮೂರು ಅಂತಸ್ತಿನ ಹೊಸ ಕಟ್ಟಡ ನಿಂತಿದೆ. ಹೊಸ ಬಾಡಿಗೆ ಕೊಡಲಾಗದೆ ಇಬ್ಬರೂ ವಾಪಸ್ ಬರಲಿಲ್ಲ. ಒಂದು ಮಳಿಗೆ ಇನ್ನೂ ಖಾಲಿ ಇದೆ. ಸಂಜೆ ಹೊತ್ತು ನಮ್ಮ ಮನೆ ಮುಂದೆ ಈಗ ಯಾರೂ ನಿಲ್ಲುವುದಿಲ್ಲ. ಅದೇ ಸಮಯದಲ್ಲಿ ಅತ್ತೆ ಫೋನ್ ಮಾಡಿ, "ನಾವು ಕೆಡವಲಿಲ್ಲಪಾ, ವಾಡೆ ರಿಪೇರಿ ಮಾಡಿಸೀವಿ, ಬಂದು ನೋಡು" ಅಂದಿದ್ದರು. ವಾಡೆ ಅಂದರೆ ನಡುವೆ ಚೌಕ ಇರುವ ಹಳೇ ಕಾಲದ ದೊಡ್ಡ ಮನೆ. ಕೆಡವದೆ ಉಳಿಸುವುದು ಹೇಗೆ ಸಾಧ್ಯವಾಯಿತು ಅಂತ ಕಣ್ಣಾರೆ ನೋಡಬೇಕಿತ್ತು.

ಇನ್ನೊಂದು ನಂಟೂ ಇದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಮೊದಲ 20 ನಗರಗಳನ್ನು ಆರಿಸಿದಾಗ ಸೊಲ್ಲಾಪುರ 9ನೆಯದು, ದಾವಣಗೆರೆ 10ನೆಯದು. ಎರಡೂ ಹತ್ತಿಯ ಊರು, ಎರಡೂ ಮಿಲ್ಲಿನ ಊರು. ಎರಡು ಕಡೆಯೂ ಮಿಲ್ ಮುಚ್ಚಿದ ಮೇಲೆ ಪೇಟೆಯ ಉಸಿರು ಸಣ್ಣದಾಯಿತು.

ಸ್ಟೇಷನ್ನಿಂದ ರಿಕ್ಷಾ ಹಿಡಿದೆ. ಹಳೇ ಊರಿಗೆ ಹಿಂದೆ ಕೋಟೆ ಗೋಡೆ ಇತ್ತು. ಗೋಡೆ ಹೋಗಿದೆ, ಬಾಗಿಲುಗಳ ಹೆಸರು ಉಳಿದಿದೆ. ವಿಜಾಪುರ ವೇಸ್, ಬಾಳಿವೇಸ್, ತುಳಜಾಪುರ ವೇಸ್. ವೇಸ್ ಅಂದರೆ ಊರ ಬಾಗಿಲು. ಒಳಗೆ ಹೋದಂತೆ ರಸ್ತೆ ಓಣಿಯಾಗುತ್ತದೆ, ಓಣಿ ಇನ್ನೂ ಕಿರಿದಾಗುತ್ತದೆ. ರಿಕ್ಷಾದವರು ಒಂದು ಕಡೆ ನಿಲ್ಲಿಸಿ, "ಇಲ್ಲಿಂದ ನಡದು ಹೋಗ್ರಿ" ಅಂದರು.

ಅತ್ತೆಯ ವಾಡೆಯ ದೊಡ್ಡ ಬಾಗಿಲು ತೆರೆದೇ ಇತ್ತು. ಬಾಗಿಲ ಎಡಕ್ಕೆ ಹೊಲಿಗೆ ಯಂತ್ರದ ಸದ್ದು. ನಾನು ಅಲ್ಲೇ ನಿಂತುಬಿಟ್ಟೆ.

ಒಳಗೆ ದೇವಡಿ, ಅಂದರೆ ಬಾಗಿಲ ಹಿಂದಿನ ಮೊಗಸಾಲೆ, ಆಮೇಲೆ ಕಲ್ಲು ಹಾಸಿದ ಚೌಕ, ಸುತ್ತ ಪಡಸಾಲೆ. ಗೋಡೆ ಒಂದೂವರೆ ಮೊಳದ ಮೇಲಿದೆ, ಕಪ್ಪು ಕಲ್ಲಿನದು. ಮೇಲೆ ಸಾಗುವಾನಿಯ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಸೊಲ್ಲಾಪುರದ ಬಿಸಿಲು ಗೊತ್ತಿದ್ದವರಿಗೆ ಆ ಮಣ್ಣಿನ ಬೆಲೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಇಲ್ಲಿ ದೊಡ್ಡ ಸುದ್ದಿಯಲ್ಲ. ಆಗಲೂ ಮಧ್ಯಾಹ್ನ ಪಡಸಾಲೆಯಲ್ಲಿ ಫ್ಯಾನ್ ಇಲ್ಲದೆ ಮಲಗಬಹುದು ಅಂತ ಅತ್ತೆ ಹೇಳಿದರು.

ಮಾವ ಚಹಾ ಕುಡಿಯುತ್ತ ಕಥೆ ಶುರು ಮಾಡಿದರು. ಅಣ್ಣತಮ್ಮಂದಿರು ನಾಲ್ವರು, ಪಾಲು ನಾಲ್ಕು. ಕೆಳಗೆ ಮೂರು ಬಾಡಿಗೆದಾರರು, ಮಾವನ ಅಪ್ಪನ ಕಾಲದವರು. ಬಾಡಿಗೆ ಎಷ್ಟು ಅಂದರೆ ಅದರಲ್ಲಿ ಒಂದು ಚೀಲ ಸುಣ್ಣ ಬರುವುದಿಲ್ಲ. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆ ಪ್ರಕಾರ ಹಳೇ ಬಾಡಿಗೆಯನ್ನು ವರ್ಷಕ್ಕೆ ಶೇ. 4ರಷ್ಟು ಮಾತ್ರ ಏರಿಸಬಹುದು. ಮೂಲ ಬಾಡಿಗೆಯೇ ನೂರರೊಳಗೆ ಇದ್ದರೆ ಆ ನಾಲ್ಕರಿಂದ ಏನಾಗುತ್ತದೆ? ಮನೆಯನ್ನು ಚೆನ್ನಾಗಿ ಇಡುವ ಜವಾಬ್ದಾರಿಯನ್ನು ಅದೇ ಕಾಯ್ದೆ ಮಾಲೀಕನ ಮೇಲೆ ಹಾಕುತ್ತದೆ. ಹಾಗಾಗಿ ಹಳೇ ಪೇಟೆಯ ತುಂಬ ಒಂದೇ ಕಥೆ. ಮಾಲೀಕ ರಿಪೇರಿ ಮಾಡಿಸುವುದಿಲ್ಲ, ಬಾಡಿಗೆದಾರ ಬಿಡುವುದಿಲ್ಲ, ಮಳೆ ಸುಮ್ಮನೆ ಇರುವುದಿಲ್ಲ. ಕೊನೆಗೆ ಒಂದು ಮಳೆಗಾಲದಲ್ಲಿ ಗೋಡೆ ಕೂತುಬಿಡುತ್ತದೆ. ಇದರಲ್ಲಿ ಕೆಟ್ಟವರು ಯಾರೂ ಇಲ್ಲ ಅನ್ನುವುದೇ ನನಗೆ ಜಾಸ್ತಿ ಬೇಸರ ತರಿಸುವ ಸಂಗತಿ.

"ಬಿಲ್ಡರ್ ಬಂದಿದ್ದ ತಮ್ಮಾ. ಎಲ್ಲಾ ಕೆಡವಿ ಫ್ಲ್ಯಾಟ್ ಕಟ್ತೀನಿ, ಮಾಲೀಕರಿಗೆ ಒಂದೊಂದು ಅಂದ. ಬಾಡಿಗಿ ಮಂದಿದು ಏನು ಅಂದ್ರ, ಅದು ನಂಗ ಬಿಡ್ರಿ ಅಂದ. ಆ ಮಾತು ನನಗ ಬರೋಬರ್ ಅನಿಸ್ಲಿಲ್ಲ."

ಮಾವ ಮಾಡಿದ್ದು ಬಹಳ ಸರಳ. ಅಣ್ಣತಮ್ಮಂದಿರನ್ನೂ ಮೂವರು ಬಾಡಿಗೆದಾರರನ್ನೂ ಪಡಸಾಲೆಯಲ್ಲಿ ಕೂರಿಸಿದರು. ಬಾಡಿಗೆದಾರರು ಒಪ್ಪಿಕೊಂಡು ಬಾಡಿಗೆ ಸ್ವಲ್ಪ ಏರಿಸಿದರು, ರಿಪೇರಿಗೂ ಒಂದು ಪಾಲು ಹಾಕಿದರು. ಪ್ರತಿಯಾಗಿ ಮಾವ, ಯಾರನ್ನೂ ಎಬ್ಬಿಸುವುದಿಲ್ಲ ಅಂತ ಬರೆದುಕೊಟ್ಟರು. ಕೆಲಸ ಮೂರು ಬೇಸಿಗೆ ನಡೆಯಿತು. ಒಂದು ಮಗ್ಗುಲು ರಿಪೇರಿ ಆಗುವಾಗ ಆ ಕಡೆಯವರು ಇನ್ನೊಂದು ಮಗ್ಗುಲಿಗೆ ಬಂದಿದ್ದರು. ಟೇಲರ್ ಅಣ್ಣನ ಯಂತ್ರ ಎರಡು ತಿಂಗಳು ಅತ್ತೆಯ ದೇವರ ಕೋಣೆ ಪಕ್ಕದಲ್ಲೇ ಇತ್ತಂತೆ.

ಮಧ್ಯಾಹ್ನ ಗೌಂಡಿ ಬಂದರು. ಹಿತ್ತಿಲ ಗೋಡೆಯ ಕೆಲಸ ಇನ್ನೂ ಸ್ವಲ್ಪ ಬಾಕಿ ಇತ್ತು. ಅವರ ಹತ್ತಿರ ನಾನು ಎರಡು ಗಂಟೆ ಕೂತೆ. ಈ ಪ್ರವಾಸದಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಅಲ್ಲೇ ಕಲಿತದ್ದು. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ ಅರಳಿಸಬೇಕು, ದಿನಗಟ್ಟಲೆ ನೆನೆಯಲು ಬಿಡಬೇಕು. ಆಮೇಲೆ ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆಯಬೇಕು. ಹಿಂದೆ ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವುದೂ ಉಂಟು. ಹೀಗೆ ಆದ ಗಚ್ಚು ನಿಧಾನವಾಗಿ ಗಾಳಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ.

"ಸಿಮೆಂಟ್ ಹಾಕಿದ್ರ ಲಗೂ ಆಗೂದಿಲ್ಲೇನ್ರೀ?" ಅಂತ ಕೇಳಿದೆ. ಅವರು ಹಳೇ ಗೋಡೆಯ ಒಂದು ಮೂಲೆ ತೋರಿಸಿದರು. ಯಾರೋ ಹಿಂದೊಮ್ಮೆ ಅಲ್ಲಿ ಸಿಮೆಂಟ್ ಬಳಿದಿದ್ದರು. ಮೇಲೆ ಗಟ್ಟಿ, ಬಡಿದರೆ ಒಳಗೆ ಟೊಳ್ಳು. "ಹಳಿ ಗ್ವಾಡಿ ನೆಲದಾಗಿನ ತಂಪು ಮ್ಯಾಲ ಎಳಕೋತದ್ರಿ. ಸುಣ್ಣ ಇದ್ರ ಅದು ಹೊರಗ ಹೋಗ್ತದ. ಸಿಮೆಂಟ್ ಬಾಯಿ ಮುಚ್ಚಿಬಿಡ್ತದ. ತಂಪು ಒಳಗ ಕುಂತು ಮಣ್ಣು ತಿಂತದ." ನಮ್ಮ ಮನೆಯ ಗೋಡೆಗಳೂ ಹೀಗೇ ಹಾಳಾದವು. ಪ್ರತಿ ವರ್ಷ ದೀಪಾವಳಿಗೆ ಮೊದಲು ನಾವೇ ಸಿಮೆಂಟ್ ಮೆತ್ತಿಸುತ್ತಿದ್ದೆವು. ಗೋಡೆಗೆ ವಯಸ್ಸಾಯಿತು ಅಂದುಕೊಂಡಿದ್ದೆವು.

ಗೌಂಡಿ ಹತ್ತಿರ ಈಗ ಇಬ್ಬರು ಹುಡುಗರು ಈ ಕೆಲಸ ಕಲಿಯುತ್ತಿದ್ದಾರೆ. ಅಕ್ಕಪಕ್ಕದ ಎರಡು ವಾಡೆಯವರು ಬಂದು ವಿಚಾರಿಸಿ ಹೋಗಿದ್ದಾರೆ. ಹೊಸ ಕಟ್ಟಡದಲ್ಲಿ ದುಡ್ಡು ಹೆಚ್ಚಾಗಿ ಸಿಮೆಂಟು, ಕಬ್ಬಿಣಕ್ಕೆ ಹೋಗುತ್ತದೆ. ರಿಪೇರಿಯಲ್ಲಿ ಅದು ಕೈಕೆಲಸದವರಿಗೆ ಹೋಗುತ್ತದೆ, ಅಂದರೆ ಅದೇ ಪೇಟೆಯಲ್ಲಿ ಉಳಿಯುತ್ತದೆ. ಪೇಟೆ ಬದುಕುವ ಮಾತಾಡುವಾಗ ಈ ಲೆಕ್ಕವನ್ನು ಯಾಕೆ ಯಾರೂ ಹಾಕುವುದಿಲ್ಲ?

ಎರಡನೇ ದಿನ ಊರು ಸುತ್ತಿದೆ. ಮೊದಲು ಇಂದ್ರಭುವನ. ಅಪ್ಪಾಸಾಹೇಬ ವಾರದ ಎಂಬ ಲಿಂಗಾಯತ ವ್ಯಾಪಾರಿ ಕಟ್ಟಿಸಿದ ಬಂಗಲೆ, ಆಮೇಲೆ ಮಹಾನಗರಪಾಲಿಕೆಯ ಕಚೇರಿ ಆಯಿತು. ಸ್ಮಾರ್ಟ್ ಸಿಟಿ ಕೆಲಸಗಳಲ್ಲಿ ಇದರ ದುರಸ್ತಿಯೂ ಸೇರಿತ್ತು. ಕಲ್ಲಿನ ಕೆತ್ತನೆ, ಕಮಾನು, ಗುಮ್ಮಟ ನೋಡುತ್ತ ಕಣ್ಣು ತುಂಬಿ ಬಂತು. ಅಲ್ಲಿಂದ ಭೈಯ್ಯಾ ಚೌಕಕ್ಕೆ ಹೋದೆ. 1938ರಲ್ಲಿ ಚೀನಾಕ್ಕೆ ಹೋಗಿ, ಯುದ್ಧದಲ್ಲಿ ಗಾಯಗೊಂಡವರ ಸೇವೆ ಮಾಡುತ್ತ 1942ರಲ್ಲಿ ಅಲ್ಲೇ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ಣಿಸರ ಮನೆ ಅಲ್ಲಿದೆ. ಈಗ ಅದು ಸ್ಮಾರಕ. ಚೀನಾದಿಂದಲೂ ಜನ ಬಂದು ನಮಸ್ಕಾರ ಮಾಡಿ ಹೋಗುತ್ತಾರೆ.

ಒಬ್ಬ ದೊಡ್ಡ ಮನುಷ್ಯ ಹುಟ್ಟಿದ ಮನೆ ಉಳಿಯಿತು, ಅರಮನೆಯಂಥ ಬಂಗಲೆ ಉಳಿಯಿತು. ಹೆಸರಿಲ್ಲದ ಸಾವಿರ ಮನೆಗಳನ್ನು ಉಳಿಸುವವರು ಯಾರು? ಊರು ಅಂದರೆ ಅವೇ ಅಲ್ವಾ?

ಅಹಮದಾಬಾದಿನವರು ಇದಕ್ಕೊಂದು ದಾರಿ ಹುಡುಕಿದ್ದಾರೆ. ಹಳೇ ಊರಿನ ಪಾರಂಪರಿಕ ಮನೆಯನ್ನು ಕೆಡವದೆ ಉಳಿಸಿದ ಮಾಲೀಕ, ಅದರ ಮೇಲೆ ಕಟ್ಟಬಹುದಾಗಿದ್ದ ಹಕ್ಕನ್ನು ಊರಿನ ಬೇರೆ ಭಾಗದಲ್ಲಿ ಕಟ್ಟುವವರಿಗೆ ಮಾರಬಹುದು. ಆ ದುಡ್ಡಿನಲ್ಲಿ ಮನೆ ರಿಪೇರಿ ಆಗುತ್ತದೆ. 2017ರಲ್ಲಿ ಆ ಹಳೇ ಊರು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಸೊಲ್ಲಾಪುರದ ಕಸಬಾದಲ್ಲಾಗಲಿ, ನಮ್ಮ ಚೌಕಿಪೇಟೆಯಲ್ಲಾಗಲಿ ಒಂದೊಂದು ಓಣಿಯಲ್ಲಾದರೂ ಇದನ್ನು ಮಾಡಿ ನೋಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಮಿಲ್ಲುಗಳ ಕಥೆ ಹೀಗಲ್ಲ. 1860ರಲ್ಲಿ ರೈಲು ಬಂತು, 1877ರಲ್ಲಿ ಮೊದಲ ಮಿಲ್ ಬಂತು. ಜನ ಅದನ್ನು ಇಂದಿಗೂ ಜುನೀ ಮಿಲ್, ಅಂದರೆ ಹಳೇ ಮಿಲ್, ಅನ್ನುತ್ತಾರೆ. ಆಮೇಲೆ ನರಸಿಂಗ ಗಿರಜಿ, ಲಕ್ಷ್ಮಿ, ವಿಷ್ಣು. ಮಿಲ್ಲಿನ ಭೋಂಗಾ, ಅಂದರೆ ಸೈರನ್, ಕೂಗಿದಾಗ ಊರು ಏಳುತ್ತಿತ್ತು ಅಂತ ಮಾವ ನೆನೆಸಿಕೊಂಡರು. ಒಂದೊಂದಾಗಿ ಎಲ್ಲವೂ ಮುಚ್ಚಿದವು. ಮಗ್ಗ ಮಾತ್ರ ಸಾಯಲಿಲ್ಲ. ಪೂರ್ವ ಭಾಗದ ತೆಲುಗು ಪದ್ಮಶಾಲಿಗಳ ಮನೆಮನೆಗೂ ವಿದ್ಯುತ್ ಮಗ್ಗ ಬಂತು. ಸೊಲ್ಲಾಪುರ ಚಾದರಕ್ಕೆ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಗುರುತು ಸಿಕ್ಕಿದೆ. ಸಾಖರ ಪೇಟೆಯ ಓಣಿಯಲ್ಲಿ ನಡೆದರೆ ಈಗಲೂ ಎರಡೂ ಕಡೆ ಖಟಖಟ ಕೇಳುತ್ತದೆ. ಆ ಮನೆಗಳು ನೋಡಲು ಚೆಂದ ಇಲ್ಲ, ಯಾವ ಪಟ್ಟಿಯಲ್ಲೂ ಇಲ್ಲ. ಆದರೂ ಸೊಲ್ಲಾಪುರದಲ್ಲಿ ನಾನು ಕಂಡ ಅತ್ಯಂತ ಜೀವಂತ ಓಣಿ ಅದೇ. ಕೆಳಗೆ ಕೆಲಸ, ಮೇಲೆ ಮನೆ, ಬಾಗಿಲಲ್ಲಿ ಮಕ್ಕಳು.

ಮುಂಬೈ ಮಿಲ್ಲುಗಳಿಗೆ ಆದದ್ದು ಇಲ್ಲಿಯವರಿಗೆ ಚೆನ್ನಾಗಿ ನೆನಪಿದೆ. 1991ರ ನಿಯಮದಂತೆ ಮಿಲ್ ಜಾಗದಲ್ಲಿ ಮೂರರಲ್ಲಿ ಒಂದು ಪಾಲು ಬಯಲಿಗೆ, ಒಂದು ಪಾಲು ಬಡವರ ಮನೆಗಳಿಗೆ, ಉಳಿದದ್ದು ಮಾಲೀಕರಿಗೆ ಅಂತ ಇತ್ತು. 2001ರಲ್ಲಿ ತಿದ್ದುಪಡಿ ಬಂತು. ಕಟ್ಟಡ ಇಲ್ಲದ ಖಾಲಿ ಜಾಗಕ್ಕೆ ಮಾತ್ರ ಆ ಲೆಕ್ಕ ಅಂದರು. ಮಿಲ್ಲಿನ ತುಂಬ ಕಟ್ಟಡವೇ ಇರುವಾಗ ಖಾಲಿ ಜಾಗ ಎಷ್ಟಿರುತ್ತದೆ? 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಎತ್ತರದ ಗೋಪುರಗಳು ಬಂದವು. ಮಿಲ್ಲಿನಲ್ಲಿ ದುಡಿದವರಿಗೆ ಸಿಕ್ಕಿದ್ದು ಬಹಳ ಕಮ್ಮಿ. ಕಾಯ್ದೆಯಲ್ಲಿ ಒಂದು ಸಾಲು ಬದಲಾದರೆ ಒಂದು ಪೇಟೆಯ ಹಣೆಬರಹವೇ ಬದಲಾಗುತ್ತದೆ.

ಮೂರನೇ ದಿನ ಜನವರಿ 13. ಬೆಳಗಿನ ಜಾವಕ್ಕೇ ಅತ್ತೆ ಎಬ್ಬಿಸಿದರು. ಓಣಿ ತೊಳೆದು ರಂಗೋಲಿ ಹಾಕಿದ್ದರು. ಅಡ್ಡ ಬರುವ ಬ್ಯಾನರ್, ಕೇಬಲ್ ಎಲ್ಲ ಬಿಚ್ಚಿದ್ದರು. ಹತ್ತಿರದಲ್ಲೇ ಹಿರೇಹಬ್ಬು ವಾಡೆ. ಏಳು ನಂದಿಧ್ವಜಗಳು, ಅಂದರೆ ನಂದಿಕೋಲುಗಳು, ಅಲ್ಲಿಂದಲೇ ಹೊರಡುತ್ತವೆ. ಅವತ್ತು ಊರ ಸುತ್ತ ಸಿದ್ಧರಾಮರು ಸ್ಥಾಪಿಸಿದ 68 ಲಿಂಗಗಳಿಗೆ ಎಣ್ಣೆಮಜ್ಜನ. ಮರಾಠಿ ಪತ್ರಿಕೆಗಳಲ್ಲೂ 'ಯಣ್ಣಿಮಜ್ಜನ' ಅಂತಲೇ ಬರೆಯುತ್ತಾರೆ. ಸೊನ್ನಲಿಗೆ ಅಂದರೆ ಸೊಲ್ಲಾಪುರದ ಹಳೇ ಹೆಸರು. ಆ ಸೊನ್ನಲಿಗೆಯ ಕನ್ನಡ ಹೀಗೆ ಎಣ್ಣೆಯ ಹಾಗೆ ಅಂಟಿಕೊಂಡು ಉಳಿದಿದೆ. ಮಾರನೇ ದಿನ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ. ಸಿದ್ಧರಾಮರನ್ನೇ ಮದುವೆಯಾಗುವೆ ಅಂದ ಕುಂಬಾರರ ಹುಡುಗಿಗೂ ಅವರ ಯೋಗದಂಡಕ್ಕೂ ನಡೆದ ಮದುವೆಯ ನೆನಪು ಅದು.

ನಾವು ಮಾಳಿಗೆ ಹತ್ತಿದೆವು. ಟೇಲರ್ ಅಣ್ಣನ ಮನೆಯವರೂ ಬಂದರು, ಮೇಲಿನ ಮನೆಯ ಅಜ್ಜ, ಗೌಂಡಿಯ ಇಬ್ಬರು ಹುಡುಗರೂ ಬಂದರು. "ಏಕದಾ ಭಕ್ತಲಿಂಗ ಹರ್ರ ಬೋಲಾ ಹರ್ರ" ಅನ್ನುವ ಕೂಗು ಮೊದಲು ಕೇಳಿಸಿತು. ಆಮೇಲೆ ಓಣಿಯ ಮೂಲೆಯಲ್ಲಿ ಮೊದಲ ನಂದಿಕೋಲು ಕಂಡಿತು. ಸುಮಾರು 30 ಅಡಿ ಎತ್ತರ. ಬಿಳಿ ಬಾರಾಬಂದಿ, ಅಂದರೆ ಕಸೆ ಕಟ್ಟುವ ಅಂಗಿ, ತೊಟ್ಟ ಒಬ್ಬನೇ ಒಬ್ಬ ಅದನ್ನು ಸೊಂಟಕ್ಕೆ ಊರಿ ನೆಟ್ಟಗೆ ಹಿಡಿದು ನಡೆಯುತ್ತಾನೆ.

"ಓಣಿ ಯಾಕ ಹಿಂಗ ಉಳದದ ಗೊತ್ತೇನು?" ಅಂದರು ಮಾವ. "ಇದು ಹಾಯಬೇಕಲ್ಲ. ಬಾಲ್ಕನಿ ಮುಂದ ತಂದ್ರ ಕೋಲು ತಿರುಗೂದಿಲ್ಲ. ಅದಕ್ಕ ಇಲ್ಲಿ ಯಾರೂ ಮುಂದ ತರೂದಿಲ್ಲ."

ನಂದಿಕೋಲು ನಮ್ಮ ಮನೆಯ ತಿರುವಿಗೆ ಬಂತು. ಹೊತ್ತವನು ಒಂದು ಕ್ಷಣ ನಿಂತ, ಮೇಲೆ ನೋಡಿದ, ಕೋಲನ್ನು ಒಂಚೂರು ವಾಲಿಸಿ ತಿರುಗಿಸಿದ. ತುದಿಯ ಹೂವಿನ ಮಾಲೆ ನಮ್ಮ ಮಾಳಿಗೆಯ ಅಂಚಿಗೆ ತಾಗಿತು. ಟೇಲರ್ ಅಣ್ಣನ ಮಗಳು ಕೈ ಚಾಚಿ ಒಂದು ಚೆಂಡುಹೂವು ಕಿತ್ತುಕೊಂಡಳು. ಅತ್ತೆ ಅದನ್ನು ಎರಡು ಮಾಡಿ, ಅರ್ಧವನ್ನು ನನ್ನ ಕೈಗೆ ಕೊಟ್ಟು, "ದಾವಣಗೆರಿಗೆ ಒಯ್ಯಿ" ಅಂದರು.